ಮನೆಯ ನೆಲಕ್ಕೆ ಬಿದಿರಿನ ಹಲಗೆ

ಮನೆ ಕಟ್ಟಿಸುವವರು ಗೋಡೆ ಮಾಡುಗಳ ವಿಷಯದಲ್ಲಿ ತೋರುವಷ್ಟು ಎಚ್ಚರಿಕೆಯನ್ನು ನೆಲದ ವಿಷಯದಲ್ಲಿ ತೋರುವುದು ಕಡಮೆ. ಕೈಯಲ್ಲಿದ್ದ ಹಣ ಮುಗಿಯುತ್ತ ಬಂದು, ಗೃಹಪ್ರವೇಶದ ಮುಹೂರ್ತವೂ ಸಮೀಪಿಸಿ, ಮನಸ್ಸು ದಣಿದಿರುವ ಹೊತ್ತಿನಲ್ಲಿ ನೆಲದ ಮಾತು ಏಳುವುದು ವಾಡಿಕೆ. ಆಗ ಅಂಗಡಿಯವರು ತೋರಿಸಿದುದೇ ಚೆಂದವಾಗಿ, ಅವರು ಹೇಳಿದುದೇ ಪ್ರಮಾಣವಾಗಿ ಪರಿಣಮಿಸುತ್ತದೆ. ಆದರೆ ಮನೆಯ ಭಾಗಗಳಲ್ಲಿ ಹಗಲಿರುಳೂ ನಮ್ಮ ಮೈಗೆ ಸೋಕುವುದು ನೆಲವೊಂದೇ. ಕೂಸು ಅಂಬೆಗಾಲಿಡುವುದು ಅಲ್ಲಿ; ವೃದ್ಧರ ಕಾಲು ಜಾರುವುದೂ ಅಲ್ಲಿಯೇ. ಒಮ್ಮೆ ಹಾಕಿದ ನೆಲವನ್ನು ಕಿತ್ತು ಮತ್ತೊಂದನ್ನು ಹಾಕಿಸುವುದು ಸಾಮಾನ್ಯ ಸಂಸಾರಿಗಳಿಗೆ ಸಾಧ್ಯವಾದ ಮಾತಲ್ಲ. ಆದುದರಿಂದ ಈ ವಿಷಯದಲ್ಲಿ ಮೊದಲೇ ಯೋಚಿಸುವುದು ಒಳ್ಳೆಯದು.

ಈಚಿನ ವರ್ಷಗಳಲ್ಲಿ ಅಮೃತಶಿಲೆ, ಗ್ರಾನೈಟು, ಸುಟ್ಟ ಬಿಲ್ಲೆಗಳ ಪಕ್ಕದಲ್ಲಿ ಬಿದಿರಿನ ಹಲಗೆಗಳೂ ಅಂಗಡಿಗಳಲ್ಲಿ ಕಾಣಿಸಿಕೊಂಡಿವೆ. ೨೦೨೩ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡ ದೆಹಲಿಯ ಹೊಸ ಸಂಸತ್ ಭವನಕ್ಕೆ ನೆಲದ ಬಿದಿರು ತ್ರಿಪುರದಿಂದ ಬಂದಿತು. ಅದಕ್ಕೆ ಕೆಲವು ತಿಂಗಳು ಮೊದಲು, ೨೦೨೨ರ ನವೆಂಬರಿನಲ್ಲಿ ಉದ್ಘಾಟನೆಗೊಂಡ ಬೆಂಗಳೂರು ವಿಮಾನ ನಿಲ್ದಾಣದ ಎರಡನೆಯ ಕಟ್ಟಡದ ಮೇಲ್ಚಾವಣಿಯನ್ನು ಸಂಸ್ಕರಿಸಿದ ಬಿದಿರಿನಿಂದಲೇ ಅಲಂಕರಿಸಿರುವರು. ಇವನ್ನು ಕಂಡವರು, ಕೇಳಿದವರು, "ನಮ್ಮ ಮನೆಗೂ ಇದು ಆದೀತೇ?" ಎಂದು ಪ್ರಶ್ನಿಸುವುದು ಸಹಜವಾಗಿದೆ. ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಡುವಂತಿಲ್ಲ. ಯಾವ ಊರು, ಯಾವ ಕೋಣೆ, ಎಂತಹ ಹಲಗೆ ಎಂಬ ಮೂರನ್ನೂ ತಿಳಿದ ಮೇಲೆಯೇ ಹೌದು ಅಥವಾ ಅಲ್ಲ ಎನ್ನಬೇಕು.

ಬಿದಿರು ನಮಗೆ ಹೊಸದಲ್ಲ. ಹುಟ್ಟಿದಾಗ ತೂಗುವ ತೊಟ್ಟಿಲಿನಿಂದ ಕಡೆಗೆ ಹೊತ್ತು ಒಯ್ಯುವ ಚಟ್ಟದವರೆಗೆ ಅದು ನಮ್ಮೊಡನೆ ಇದ್ದೇ ಇದೆ. ಗೌರೀ ಹಬ್ಬದ ಬಾಗಿನಕ್ಕೆ ಮೊರವಾಗಿ, ಹಿತ್ತಿಲಿಗೆ ಏಣಿಯಾಗಿ, ಗದ್ದೆಗೆ ಬುಟ್ಟಿಯಾಗಿ, ಮಲೆನಾಡಿನ ಅಡಿಗೆಗೆ ಕಳಲೆಯಾಗಿ ಒದಗುತ್ತ ಬಂದಿದೆ. ಹಳೆಯ ಮನೆಗಳಲ್ಲಿ ತೊಲೆಗಳ ಮೇಲೆ ಬಿದಿರಿನ ಸೀಳುಗಳನ್ನು ಒತ್ತಾಗಿ ಹರಡಿ, ಮೇಲೆ ಮಣ್ಣು ಮೆತ್ತಿ ಅಟ್ಟವನ್ನು ಮಾಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅಸ್ಸಾಮಿನ ಮಿಸಿಂಗ್ ಜನರು ನೆರೆಯ ನೀರಿಗೆ ಸಿಕ್ಕದಂತೆ ಕಂಬಗಳ ಮೇಲೆ ಎತ್ತಿ ಕಟ್ಟುವ 'ಚಾಂಗ್ ಘರ್' ಎಂಬ ಮನೆಗಳಿಗೆ ಬಿದಿರನ್ನು ಸೀಳಿ ಹರಡಿದುದೇ ನೆಲ. ಅಂತಹ ನೆಲದ ಸಂದುಗಳಿಂದ ಗಾಳಿ ಆಡುತ್ತದೆ. ಸವೆದ ಸೀಳನ್ನು ತೆಗೆದು ಮನೆಯವರೇ ಬೇರೊಂದನ್ನು ಕೂಡಿಸುತ್ತಾರೆ. ಆದರೆ ಅಂಗಡಿಯಲ್ಲಿ ದೊರೆಯುವ ಹಲಗೆಯು ಈ ಜಾತಿಯದಲ್ಲ. ಅದು ಬಿದಿರು, ಅಂಟು, ಒತ್ತಡ ಈ ಮೂರೂ ಸೇರಿ ಆದ ಕಾರಖಾನೆಯ ವಸ್ತು. ಅಜ್ಜನ ಕಾಲದ ಏಣಿ ಐವತ್ತು ವರ್ಷ ಬಾಳಿತೆಂಬ ನೆನಪಿನ ಮೇಲೆ ಈ ಹಲಗೆಯನ್ನು ಕೊಳ್ಳಲಾಗದು.

ಮೊದಲು ಬಿದಿರಿನ ಸ್ವಭಾವವನ್ನು ತಿಳಿಯೋಣ. ನಾವು ಮರವೆಂದು ಎಣಿಸುವ ಬಿದಿರು ವಾಸ್ತವವಾಗಿ ಹುಲ್ಲಿನ ಕುಲಕ್ಕೆ ಸೇರಿದುದು. ಭತ್ತ, ರಾಗಿ, ಕಬ್ಬುಗಳು ಅದರ ಬಂಧುಗಳು. ಮರವು ವರ್ಷದಿಂದ ವರ್ಷಕ್ಕೆ ದಪ್ಪನಾಗುತ್ತದೆ, ಬಿದಿರು ಹಾಗಲ್ಲ. ಕಳಲೆಯು ನೆಲವನ್ನು ಸೀಳಿ ಹೊರಡುವಾಗಲೇ ಅದರ ದಪ್ಪ ನಿಶ್ಚಯವಾಗಿರುತ್ತದೆ, ಕೆಲವೇ ತಿಂಗಳಲ್ಲಿ ಪೂರ್ಣ ಎತ್ತರಕ್ಕೆ ಏರಿಬಿಡುತ್ತದೆ. ಅಲ್ಲಿಂದ ಮುಂದೆ ಬೆಳವಣಿಗೆ ಇಲ್ಲ, ಬಲಿಯುವುದು ಮಾತ್ರ. ನೆಲದ ಹಲಗೆಗೆ ಬೇಕಾದ ಗಟ್ಟಿತನ ಬರಲು ನಾಲ್ಕೈದು ವರ್ಷ ಬೇಕು. ತೇಗಕ್ಕೆ ಹಲವು ದಶಕಗಳು ಬೇಕಾಗುವಲ್ಲಿ ಇದು ಅಲ್ಪಕಾಲವೇ ಸರಿ. ಆದರೆ ಎರಡು ವರ್ಷದ ಎಳೆಯ ಗಳವನ್ನೂ ಐದು ವರ್ಷದ ಬಲಿತ ಗಳವನ್ನೂ ಹಲಗೆಯಾದ ಮೇಲೆ ಬರಿಗಣ್ಣಿನಿಂದ ಬೇರ್ಪಡಿಸುವುದು ಕಷ್ಟ. ಅಗ್ಗದ ಹಲಗೆಗಳು ಬೇಗ ಗುಳಿಬೀಳುವುದಕ್ಕೆ ಎಳೆಯ ಬಿದಿರು ಒಂದು ಮುಖ್ಯ ಕಾರಣ.

ಪ್ರಪಂಚದಲ್ಲಿ ಮಾರಾಟವಾಗುವ ಬಿದಿರಿನ ನೆಲಹಲಗೆಗಳಲ್ಲಿ ಬಹುಪಾಲು ಚೀನಾ ದೇಶದ 'ಮೋಸೊ' ಎಂಬ ಜಾತಿಯ ಬಿದಿರಿನವು. ಗಳವನ್ನು ಉದ್ದಕ್ಕೆ ಸೀಳಿ, ಹೊರಗಿನ ಹಸುರು ಸಿಪ್ಪೆಯನ್ನೂ ಒಳಗಿನ ಮೆದು ಪದರವನ್ನೂ ಹೆರೆದು, ಪಟ್ಟಿಗಳನ್ನು ನೀರಿನಲ್ಲಿ ಕುದಿಸುವರು. ಹೀಗೆ ಕುದಿಸುವುದರಿಂದ ಬಿದಿರಿನೊಳಗಿನ ಸಕ್ಕರೆ, ಗಂಜಿಯ ಅಂಶ ಬಹುಮಟ್ಟಿಗೆ ಹೊರಟುಹೋಗುತ್ತದೆ. ಹುಳು ಬರುವುದು ಆ ಗಂಜಿಯನ್ನು ಅರಸಿಕೊಂಡೇ. ಅನಂತರ ಪಟ್ಟಿಗಳನ್ನು ಬಿಸಿಗಾಳಿಯ ಕೋಣೆಯಲ್ಲಿ ಒಣಗಿಸಿ, ಅಂಟು ಸವರಿ, ಬಿಸಿಯೊತ್ತಡದಲ್ಲಿ ಹಲಗೆ ಮಾಡುವರು. ಪಟ್ಟಿಗಳನ್ನು ಮಲಗಿಸಿ ಅಂಟಿಸಿದರೆ ಬಿದಿರಿನ ಗೆಣ್ಣುಗಳು ಮೇಲ್ಮೈಯಲ್ಲಿ ಸ್ಪಷ್ಟವಾಗಿ ಕಾಣುತ್ತವೆ; ಪಕ್ಕಕ್ಕೆ ನಿಲ್ಲಿಸಿ ಅಂಟಿಸಿದರೆ ಸಣ್ಣ ಗೆರೆಗಳ ಸಾಲು ಕಾಣುತ್ತದೆ. ಮೂರನೆಯ ಬಗೆಯೊಂದುಂಟು: ಬಿದಿರನ್ನು ನಾರುನಾರಾಗಿ ಜಜ್ಜಿ, ಅಂಟಿನಲ್ಲಿ ಅದ್ದಿ, ಅತಿಯಾದ ಒತ್ತಡದಲ್ಲಿ ಇಟ್ಟಿಗೆಯಂತೆ ಅಚ್ಚೊತ್ತಿ, ಆಮೇಲೆ ಹಲಗೆಗಳಾಗಿ ಕೊಯ್ಯುವುದು. ಇದನ್ನು ನಾರೊತ್ತಿನ ಹಲಗೆಯೆಂದು ಕರೆಯೋಣ.

ಈ ಮೂರರಲ್ಲಿ ಗಟ್ಟಿ ಯಾವುದು? ಮರದ ಗಡಸುತನವನ್ನು ಅಳೆಯಲು 'ಜಾಂಕಾ' ಎಂಬ ಪರೀಕ್ಷೆಯಿದೆ. ಒಂದು ಉಕ್ಕಿನ ಗುಂಡು ತನ್ನ ಅರ್ಧದಷ್ಟು ಮರದೊಳಕ್ಕೆ ಇಳಿಯಲು ಎಷ್ಟು ಪೌಂಡು ಬಲ ಬೇಕೆಂಬುದೇ ಅದರ ಲೆಕ್ಕ. ತೇಗಕ್ಕೆ ಸಾವಿರಕ್ಕೆ ತುಸು ಮೇಲೆ. ಪಾಶ್ಚಾತ್ಯರು ನೆಲಕ್ಕೆ ಹೆಚ್ಚಾಗಿ ಬಳಸುವ ಕೆಂಪು ಓಕ್ ಮರಕ್ಕೆ ೧,೨೯೦. ಪಟ್ಟಿಯಿಂದಾದ ಸಹಜ ಬಣ್ಣದ ಬಿದಿರಿಗೆ ಸುಮಾರು ೧,೩೦೦ರಿಂದ ೧,೪೦೦. ನಾರೊತ್ತಿನ ಹಲಗೆಗೆ ೩,೦೦೦ದ ಆಸುಪಾಸು. ಜೇನಿನ ಬಣ್ಣದ ಕಂದು ಹಲಗೆಯನ್ನು ಕಂಡು ಮರುಳಾಗುವವರು ಬಹಳ ಮಂದಿ. ಆ ಬಣ್ಣ ಬಳಿದುದಲ್ಲ. ಪಟ್ಟಿಗಳನ್ನು ಹಬೆಯ ಒತ್ತಡದಲ್ಲಿ ಬೇಯಿಸಿದಾಗ ಉಳಿದ ಸಕ್ಕರೆ ಕಂದಿ ಬಂದ ಬಣ್ಣ. ನೋಡಲು ಸೊಗಸು ನಿಜ, ಆದರೆ ಹಾಗೆ ಬೇಯಿಸುವುದರಿಂದ ಪಟ್ಟಿಯ ಹಲಗೆ ಸಹಜ ಬಣ್ಣದುದಕ್ಕಿಂತ ಮೆದುವಾಗುತ್ತದೆ. ಮಕ್ಕಳು ಓಡಾಡುವ, ಕುರ್ಚಿ ಮೇಜುಗಳನ್ನು ಎಳೆದಾಡುವ ಕೋಣೆಗೆ ಬಣ್ಣಕ್ಕಾಗಿ ಗಟ್ಟಿತನವನ್ನು ಬಿಟ್ಟುಕೊಡುವುದು ಜಾಣತನವಲ್ಲ. ಇನ್ನೊಂದು ಮಾತನ್ನೂ ನೆನಪಿಡಬೇಕು. ಗಡಸುತನವು ಗುಳಿಯನ್ನು ತಡೆಯುತ್ತದೆಯೇ ಹೊರತು ಗೀರನ್ನಲ್ಲ. ಗೀರು ಬೀಳುವುದು ಮೇಲಿನ ವಾರ್ನಿಷಿಗೆ. ಒಳಗಿನ ಹಲಗೆ ಕಬ್ಬಿಣದಂತಿದ್ದರೂ ಬಾಗಿಲಿನಿಂದ ಬಂದ ಮರಳು ಅದನ್ನು ಗೀರದೆ ಬಿಡದು.

ಇನ್ನು ಅಂಟಿನ ಮಾತು. ಹಲಗೆಗಳಿಗೆ ಬಳಸುವ ಅಂಟುಗಳಲ್ಲಿ ಅನೇಕವು ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕದಿಂದ ಆದವು. ಅಂಟು ಕೀಳಾದುದಾದರೆ ಅದರ ಆವಿಯು ತಿಂಗಳುಗಟ್ಟಳೆ ಕೋಣೆಯ ಗಾಳಿಗೆ ಸೇರುತ್ತಿರುತ್ತದೆ. ಕಣ್ಣುರಿ, ಗಂಟಲು ಕೆರೆತಗಳು ಅದರ ಮೊದಲ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಮಂಡಲಿಯು ೨೦೦೪ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಾರೊತ್ತಿನ ಹಲಗೆಯಲ್ಲಿ ಅಂಟಿನ ಪ್ರಮಾಣ ಹೆಚ್ಚು ಎಂಬುದನ್ನು ಮರೆಯಬಾರದು. ಒಳ್ಳೆಯ ತಯಾರಕರು ಈ ಆವಿಯ ಮಿತಿಯನ್ನು ಪರೀಕ್ಷಿಸಿ 'ಇ-೧' ಅಥವಾ ಅದಕ್ಕಿಂತ ಬಿಗಿಯಾದ 'ಇ-೦' ಎಂಬ ದರ್ಜೆಯ ಪತ್ರವನ್ನು ಕೊಡುವರು. ಪತ್ರವನ್ನು ತೋರಿಸಲು ಹಿಂದೆಗೆಯುವ ಅಂಗಡಿಯಿಂದ, ಬೆಲೆ ಎಷ್ಟೇ ಇಳಿದಿರಲಿ, ಹಲಗೆ ಕೊಳ್ಳದಿರುವುದೇ ಲೇಸು. ಹಸುಗೂಸುಗಳಿರುವ ಮನೆಯಲ್ಲಿ ಇದು ಅಲಕ್ಷಿಸತಕ್ಕ ಸಂಗತಿಯಲ್ಲ.

ಇಷ್ಟೆಲ್ಲಕ್ಕಿಂತ ದೊಡ್ಡ ಶತ್ರು ನೀರು. ನಮ್ಮ ಪರಿಚಯದ ಗೃಹಸ್ಥರೊಬ್ಬರು ನಿವೃತ್ತಿಯ ಹಣದಿಂದ ಕರಾವಳಿಯಲ್ಲಿ ಮನೆ ಕಟ್ಟಿಸಿ, ಮೇ ತಿಂಗಳಲ್ಲಿ ಪಡಸಾಲೆಗೂ ಎರಡು ಕೋಣೆಗಳಿಗೂ ಬಿದಿರಿನ ಹಲಗೆ ಹಾಸಿಸಿದರು. ಕೆಲಸ ಅಂದವಾಗಿತ್ತು, ಬಂದವರೆಲ್ಲ ಮೆಚ್ಚಿ ಹೋದರು. ಜುಲೈ ಹೊತ್ತಿಗೆ ಹಲಗೆಗಳ ಅಂಚುಗಳು ಮೇಲೆದ್ದು ಪ್ರತಿಯೊಂದೂ ದೋಣಿಯಂತೆ ಬಾಗಿತು; ಶ್ರಾವಣ ಮುಗಿಯುವುದರೊಳಗೆ ಪಡಸಾಲೆಯ ನಡುಭಾಗ ಉಬ್ಬಿ ನಿಂತಿತು. ಮಾರಿದವರು ಹಾಸಿದವರನ್ನೂ, ಹಾಸಿದವರು ಮಾರಿದವರನ್ನೂ ತೋರಿಸಿದರು. ಆ ಮನೆಯ ಯಜಮಾನಿತಿ, "ಬಿದಿರೇ ಕೆಟ್ಟದು ಎನ್ನಲಾರೆ; ನಮಗೆ ಕೇಳಲು ತಿಳಿಯಲಿಲ್ಲ" ಎಂದು ನಮ್ಮೊಡನೆ ಹೇಳಿದರು. ಈ ಲೇಖನವನ್ನು ಬರೆಯಲು ಆ ಮಾತೇ ಪ್ರೇರಣೆ.

ಅಲ್ಲಿ ಆದ ತಪ್ಪುಗಳು ಮೂರು. ಒಂದು, ಕೆಳಗಿನ ಕಾಂಕ್ರೀಟು ಪೂರ್ತಿ ಒಣಗಿರಲಿಲ್ಲ. ಕಾಂಕ್ರೀಟು ಇಪ್ಪತ್ತೆಂಟು ದಿನಗಳಲ್ಲಿ ಗಟ್ಟಿಯಾಗುತ್ತದೆಂಬುದು ನಿಜವಾದರೂ ಗಟ್ಟಿಯಾಗುವುದು ಬೇರೆ, ಒಳಗಿನ ತೇವ ಆರುವುದು ಬೇರೆ. ಎರಡನೆಯದಕ್ಕೆ ತಿಂಗಳುಗಳೇ ಬೇಕು. ಎರಡು, ನೆಲಕ್ಕೂ ಹಲಗೆಗೂ ನಡುವೆ ತೇವ ತಡೆಯುವ ಹಾಳೆ ಹಾಸಿರಲಿಲ್ಲ. ಮೂರು, ಗೋಡೆಯ ಅಂಚಿನಲ್ಲಿ ಸಂದು ಬಿಡದೆ ಹಲಗೆಯನ್ನು ಗೋಡೆಗೆ ತಾಗಿಸಿ ಹೊಡೆದಿದ್ದರು. ಬಿದಿರು ಮರದಂತೆಯೇ ತೇವ ಕುಡಿದಾಗ ಹಿಗ್ಗಿ, ಒಣ ಹವೆಯಲ್ಲಿ ಕುಗ್ಗುವ ವಸ್ತು. ಹಿಗ್ಗಲು ಎಡೆಯಿಲ್ಲದಿದ್ದರೆ ಮೇಲಕ್ಕೇಳುವುದಲ್ಲದೆ ಬೇರೇನು ಮಾಡೀತು?

ತೇವವನ್ನು ಕಂಡುಹಿಡಿಯುವ ಸುಲಭವಾದ ಉಪಾಯವೊಂದಿದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟಿನ ಮೇಲಿಟ್ಟು ನಾಲ್ಕು ಅಂಚುಗಳನ್ನೂ ಗಾಳಿಯಾಡದಂತೆ ಅಂಟುಪಟ್ಟಿಯಿಂದ ಮುಚ್ಚಿ ಒಂದು ಹಗಲು ಒಂದು ರಾತ್ರಿ ಬಿಡಬೇಕು. ಮರುದಿನ ಹಾಳೆಯ ಒಳಬದಿಯಲ್ಲಿ ಹನಿಗಟ್ಟಿದ್ದರೆ, ಇಲ್ಲವೆ ಕಾಂಕ್ರೀಟು ಕಪ್ಪಗಾಗಿದ್ದರೆ, ಆ ನೆಲ ಇನ್ನೂ ಹಲಗೆಗೆ ಸಿದ್ಧವಾಗಿಲ್ಲವೆಂದು ತಿಳಿಯಬೇಕು. ಖರ್ಚಿಲ್ಲದ ಈ ಪರೀಕ್ಷೆಯನ್ನು ಕೋಣೆಯ ಎರಡು ಮೂರು ಕಡೆ ಮಾಡಿದರೆ ಮುಂದೆ ಲಕ್ಷಗಟ್ಟಳೆಯ ನಷ್ಟ ತಪ್ಪೀತು.

ಹವೆಯ ವಿಷಯದಲ್ಲಿ ನಮ್ಮ ನಾಡು ಒಂದೇ ಬಗೆಯದಲ್ಲ. ಗಾಳಿಯ ತೇವ ನೂರಕ್ಕೆ ನಲವತ್ತರಿಂದ ಅರವತ್ತರೊಳಗಿದ್ದರೆ ಇಂತಹ ಹಲಗೆಗೆ ಹಿತ. ಕರಾವಳಿಯಲ್ಲಿ ಮಲೆನಾಡಿನಲ್ಲಿ ಮಳೆಗಾಲದ ನಾಲ್ಕು ತಿಂಗಳೂ ಅದು ಈ ಮಿತಿಯನ್ನು ಬಹಳ ಮೀರಿರುತ್ತದೆ. ವಿಜಯಪುರ ರಾಯಚೂರುಗಳ ಕಡೆಯ ಬೇಸಗೆಯಲ್ಲಿ ಮಿತಿಗಿಂತ ಬಹಳ ಕೆಳಗಿಳಿದು ಹಲಗೆಗಳ ನಡುವೆ ಬಿರುಕು ಕಾಣಿಸಿಕೊಳ್ಳುತ್ತದೆ. ಬೆಂಗಳೂರು, ಮೈಸೂರು, ಹಾಸನದಂತಹ ಸಮಹವೆಯ ಊರುಗಳಲ್ಲಿ ಅಪಾಯ ಕಡಮೆ. ಆದುದರಿಂದ ಕರಾವಳಿಯ ನೆಲಅಂತಸ್ತಿಗೆ ಕಲ್ಲೋ ಬಿಲ್ಲೆಯೋ ಕಾವಿಯ ನೆಲವೋ ಇರಲಿ ಎಂದು ನಾವು ಹೇಳುವೆವು. ಬಿಸಿಲ ನಾಡಿನವರಿಗೆ ಶಹಾಬಾದಿನ ಕಲ್ಲು ಬೇಸಗೆಯಲ್ಲಿ ಕೊಡುವ ತಂಪನ್ನು ಬಿದಿರು ಕೊಡಲಾರದು. ಅದರ ಗುಣ ಬೇರೆ: ಮಾಗಿಯ ಚಳಿಯಲ್ಲಿ ಅದು ಕಲ್ಲಿನಂತೆ ಕೊರೆಯುವುದಿಲ್ಲ. ಮೊಣಕಾಲು ನೋವಿನ ವೃದ್ಧರಿಗೂ, ನೆಲದ ಮೇಲೆ ಕುಳಿತು ಓದುವ ಮಕ್ಕಳಿಗೂ ಹಿತವಾದ ಬೆಚ್ಚನೆಯನ್ನು ಅದು ಕೊಡುತ್ತದೆ.

ನಮ್ಮ ಮನೆಗಳ ನಡವಳಿಕೆಯನ್ನೂ ಗಮನಿಸಬೇಕು. ಹಲಗೆಯ ನೆಲಗಳ ರೀತಿ ಬೆಳೆದುಬಂದುದು ನೀರು ಸುರಿದು ನೆಲ ತೊಳೆಯದ ದೇಶಗಳಲ್ಲಿ. ನಾವಾದರೋ ಹಬ್ಬ ಬಂದರೆ ಕೊಡಗಟ್ಟಳೆ ನೀರು ಹುಯ್ದು ತೊಳೆಯುವವರು; ನಿತ್ಯವೂ ಒದ್ದೆ ಬಟ್ಟೆಯಿಂದ ಒರಸುವವರು. ದೇವರ ಕೋಣೆಯಲ್ಲಿ ಎಣ್ಣೆ ತೊಟ್ಟಿಕ್ಕುತ್ತದೆ, ಅಡಿಗೆಮನೆಯಲ್ಲಿ ಸಾರು ಚೆಲ್ಲುತ್ತದೆ, ಬಚ್ಚಲಿನಿಂದ ಒದ್ದೆ ಕಾಲಿನಲ್ಲಿ ಬರುವವರಿಗೆ ಲೆಕ್ಕವಿಲ್ಲ. ಆದಕಾರಣ ಅಡಿಗೆಮನೆ, ಬಚ್ಚಲು, ದೇವರ ಕೋಣೆ, ಊಟದ ಮನೆ, ಹೊರ ಜಗಲಿ ಇವುಗಳಿಗೆ ಬಿದಿರು ಸಲ್ಲದು. ಮಹಡಿಯ ಮಲಗುವ ಕೋಣೆ, ಓದುವ ಕೋಣೆ, ಸಂಗೀತಾಭ್ಯಾಸದ ಕೋಣೆ ಇವುಗಳಿಗೆ ಸಲ್ಲುವುದು. ಮನೆಯೆಲ್ಲ ಒಂದೇ ನೆಲವಿರಬೇಕೆಂಬ ಹಟವನ್ನು ಬಿಟ್ಟರೆ ಹಣವೂ ಉಳಿಯುವುದು, ಕ್ಲೇಶವೂ ತಪ್ಪುವುದು.

ಹುಳುವಿನ ಭಯ ಹಲವರಿಗೆ ಇದೆ, ಅದು ನಿರಾಧಾರವಲ್ಲ. ಹಸಿ ಬಿದಿರಿಗೆ ಕೊರಕ ಹುಳು ಬಿದ್ದು ಹಿಟ್ಟಿನಂತೆ ಪುಡಿಯುದುರುವುದನ್ನು ನಾವೆಲ್ಲ ನೋಡಿದ್ದೇವೆ. ಹಿರಿಯರು ಕಡಿದ ಗಳವನ್ನು ಹರಿಯುವ ನೀರಿನಲ್ಲಿ ವಾರಗಟ್ಟಳೆ ಮುಳುಗಿಸಿಡುತ್ತಿದ್ದುದಕ್ಕೆ ಅರ್ಥವುಂಟು: ನೀರು ಒಳಗಿನ ಗಂಜಿಯನ್ನು ಕರಗಿಸಿ ಒಯ್ಯುತ್ತಿತ್ತು. ಇಂದು ಕಾರಖಾನೆಗಳು ಕುದಿಸಿಯೂ, ಬಿಳಿಗಾರ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿಯೂ ಅದನ್ನೇ ಸಾಧಿಸುತ್ತವೆ. ಚೆನ್ನಾಗಿ ಸಂಸ್ಕರಿಸಿದ ಹಲಗೆಗೆ ಕೊರಕ ಹುಳುವಿನ ಕಾಟ ಕಡಮೆ. ಗೆದ್ದಲಿನ ಮಾತು ಬೇರೆ. ಅದು ನೆಲದಡಿಯಿಂದ ಬರುವ ಶತ್ರುವಾದುದರಿಂದ ಮನೆಯ ತಳಪಾಯದಲ್ಲಿಯೇ ಅದಕ್ಕೆ ತಕ್ಕ ಔಷಧ ಹಾಕಿಸಿರಬೇಕು.

ಕೊಳ್ಳುವಾಗ ಮಾಡತಕ್ಕ ಪರೀಕ್ಷೆಗಳನ್ನು ಹೇಳುತ್ತೇವೆ. ಹಲಗೆಯ ತುದಿಯನ್ನು ನೋಡಿರಿ. ಮೇಲಿನಿಂದ ಕೆಳಗಿನವರೆಗೆ ಬಿದಿರೇ ಇದೆಯೋ, ಅಥವಾ ಮರದ ಪುಡಿಯ ಹಲಗೆಗೆ ಮೇಲೊಂದು ತೆಳ್ಳನೆಯ ಬಿದಿರಿನ ತೊಗಲು ಅಂಟಿಸಿದೆಯೋ ತಿಳಿಯುವುದು. ಎರಡನೆಯದು ಅಗ್ಗ; ಆದರೆ ಸವೆದ ಮೇಲೆ ಅದನ್ನು ಹೆರೆದು ಹೊಸದು ಮಾಡುವಂತಿಲ್ಲ. ಹದಿನಾಲ್ಕು ಹದಿನೈದು ಮಿಲಿಮೀಟರು ದಪ್ಪದ ಪೂರ್ಣ ಬಿದಿರಿನ ಹಲಗೆಯನ್ನಾದರೆ ಒಂದೆರಡು ಬಾರಿ ಉಜ್ಜಿ ಮತ್ತೆ ವಾರ್ನಿಷು ಕೊಡಬಹುದು. ಮಾದರಿಗೆ ಒಂದು ತುಂಡನ್ನು ಬೇಡಿ ತನ್ನಿರಿ. ಮೂಗಿಗೆ ಹಿಡಿದಾಗ ಕಟುವಾಸನೆ ಬಂದರೆ ಹಿಂದಿರುಗಿಸಿರಿ. ಒಂದು ಪಾತ್ರೆಯ ನೀರಿನಲ್ಲಿ ಹಗಲಿರುಳು ಮುಳುಗಿಸಿಟ್ಟು, ನೆರಳಿನಲ್ಲಿ ಒಣಗಿಸಿ, ಪದರಗಳು ಬಿಟ್ಟುಕೊಂಡಿವೆಯೋ ಪರೀಕ್ಷಿಸಿರಿ. ಬೀಗದ ಕೈಯಿಂದ ಗೀರಿ ನೋಡಿರಿ. ಬಿದಿರು ಎಷ್ಟು ವರ್ಷದ್ದು, ಎಲ್ಲಿಯದು, ಖಾತರಿ ಎಷ್ಟು ವರ್ಷ, ತೇವದಿಂದಾದ ಹಾನಿ ಖಾತರಿಯಲ್ಲಿ ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಒಳಾಂಗಣದ ಬಿದಿರಿನ ನೆಲಕ್ಕೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ೨೦೨೧ರಲ್ಲಿ ಪ್ರತ್ಯೇಕ ಮಾನಕವನ್ನು ಪ್ರಕಟಿಸಿದೆ. ಹಲಗೆಯು ಅದಕ್ಕೆ ಅನುಗುಣವಾಗಿದೆಯೇ ಎಂದು ಕೇಳುವ ಹಕ್ಕು ಕೊಳ್ಳುವವರಿಗೆ ಇದ್ದೇ ಇದೆ. ಬೆಲೆಯನ್ನು ಲೆಕ್ಕ ಹಾಕುವಾಗ ಹಲಗೆಯ ದರವೊಂದನ್ನೇ ನೋಡದೆ ಅಡಿಹಾಸು, ಅಂಚುಪಟ್ಟಿ, ಕೂಲಿ, ಕೊಯ್ದು ಹಾಳಾಗುವ ಭಾಗ ಇವನ್ನೂ ಕೂಡಿಸಿಕೊಳ್ಳಿರಿ.

ಹಾಸುವ ಕೆಲಸವು ಗಾರೆ, ಬಣ್ಣಗಳೆಲ್ಲ ಮುಗಿದು ಆರಿದ ಮೇಲೆ ಆಗಬೇಕು. ಹಲಗೆಯ ಕಟ್ಟುಗಳನ್ನು ಬಿಚ್ಚಿ, ಹಾಸಬೇಕಾದ ಕೋಣೆಯಲ್ಲಿಯೇ ಕೆಲವು ದಿನ ಗಾಳಿಯಾಡಲು ಬಿಟ್ಟು, ಅಲ್ಲಿನ ಹವೆಗೆ ಹೊಂದಿಸಬೇಕು. ಗೋಡೆಯ ಸುತ್ತ ಹತ್ತು ಹನ್ನೆರಡು ಮಿಲಿಮೀಟರು ಸಂದು ಬಿಡಬೇಕು. ಅಂಚುಪಟ್ಟಿ ಅದನ್ನು ಮರೆಮಾಡುತ್ತದೆ. ಆಮೇಲಿನ ಆರೈಕೆ ಸುಲಭ. ಬಾಗಿಲಲ್ಲಿ ಕಾಲೊರಸು ಇರಲಿ. ಮೆದು ಪೊರಕೆಯಿಂದ ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರಸಿದರೆ ಸಾಕು. ಮಂಚ ಮೇಜುಗಳ ಕಾಲಿಗೆ ಬಟ್ಟೆಯ ಬಿಲ್ಲೆ ಅಂಟಿಸಬೇಕು. ಬಿಸಿಲು ನೇರವಾಗಿ ಬೀಳುವ ಕಡೆ ಪರದೆ ಬೇಕು, ಇಲ್ಲವಾದರೆ ಹಲಗೆಯ ಬಣ್ಣ ಒಂದೆಡೆ ಒಂದು ಬಗೆಯಾಗಿ ಬದಲಾಗುವುದು.

ಕಡೆಯದಾಗಿ, ಬಿದಿರಿನ ನೆಲ ಹಾಕಿಸಿದರೆ ಕಾಡು ಉಳಿಯುತ್ತದೆಂಬ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಮೆಳೆಯಲ್ಲಿ ಬಲಿತ ಗಳಗಳನ್ನು ಮಾತ್ರ ಆರಿಸಿ ಕಡಿದರೆ ಬೇರುಗೆಡ್ಡೆಯಿಂದ ಮರುಮಳೆಗೆ ಹೊಸ ಕಳಲೆ ಏಳುತ್ತದೆ; ಮತ್ತೆ ನೆಡಬೇಕಾಗಿಲ್ಲ. ಆದರೆ ಅದು ಕಡಿಯುವವರ ವಿವೇಕವನ್ನು ಹೊಂದಿಕೊಂಡಿದೆ. ೧೯೭೦ರ ದಶಕದಲ್ಲಿ ಮಾಧವ ಗಾಡ್ಗೀಳರೂ ಅವರ ಸಂಗಡಿಗರೂ ನಮ್ಮ ಕಾಡುಗಳ ಬಿದಿರನ್ನು ಕುರಿತು ಅಧ್ಯಯನ ನಡೆಸಿದಾಗ ಕಂಡ ಸಂಗತಿಯೊಂದು ಸ್ಮರಣೀಯವಾಗಿದೆ. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಕಳಲೆಗಳಿಗೆ ಎಡೆಯಾಗುವುದೆಂದು ಕಾಗದದ ಕಾರಖಾನೆಗಳಿಗಾಗಿ ಕಡಿಯುವಾಗ ಅದನ್ನು ತೆಗೆಯಿಸುತ್ತಿದ್ದರು. ಫಲ ವಿಪರೀತವಾಯಿತು: ಮುಳ್ಳಿನ ಬೇಲಿ ಹೋದುದರಿಂದ ದನಗಳೂ ಕಾಡುಪ್ರಾಣಿಗಳೂ ಎಳೆಯ ಕಳಲೆಗಳನ್ನು ತಿಂದುಹಾಕಿದವು. ಮುಳ್ಳು ಏಕಿರಬೇಕೆಂಬುದನ್ನು ಹಳ್ಳಿಗರು ಮೊದಲಿನಿಂದಲೂ ಬಲ್ಲವರಾಗಿದ್ದರು.

ಕಾನೂನೂ ಬಹುಕಾಲ ಬಿದಿರಿಗೆ ಅನುಕೂಲವಾಗಿರಲಿಲ್ಲ. ೧೯೨೭ರ ಭಾರತೀಯ ಅರಣ್ಯ ಕಾಯಿದೆಯಲ್ಲಿ ಬಿದಿರು ಮರವೆಂದೇ ಎಣಿಕೆಯಾಗಿತ್ತು. ಇದರಿಂದ ರೈತರು ತಮ್ಮ ಹೊಲದ ಬಿದಿರನ್ನು ಕಡಿದು ಸಾಗಿಸಲೂ ಅನೇಕ ಕಡೆ ಪರವಾನಗಿಗೆ ಅಲೆಯಬೇಕಾಗಿತ್ತು. ೨೦೧೭ರಲ್ಲಿ ಆದ ತಿದ್ದುಪಡಿಯು ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ತೆಗೆದುಹಾಕಿತು. ನಮ್ಮ ದೇಶದಲ್ಲಿ ಬಿದಿರಿರುವ ಪ್ರದೇಶ ಸುಮಾರು ಒಂದೂವರೆ ಲಕ್ಷ ಚದರ ಕಿಲೋಮೀಟರು. ಇಷ್ಟಿದ್ದೂ ಸಾವಿರಾರು ಮೈಲಿ ದೂರದಿಂದ ಹಡಗಿನಲ್ಲಿ ಬಂದ ಹಲಗೆಯನ್ನು ಹಾಸಿ, ಪ್ರಕೃತಿಗೆ ಉಪಕಾರ ಮಾಡಿದೆವೆಂದು ಬೀಗುವುದು ತರವಲ್ಲ. ತ್ರಿಪುರ ಮೊದಲಾದ ನಮ್ಮ ಪ್ರಾಂತಗಳಲ್ಲಿಯೇ ಆದ ಹಲಗೆ ಗುಣದಲ್ಲಿ ಸಮವಾಗಿದ್ದರೆ ಅದನ್ನೇ ಮೊದಲು ಕೇಳತಕ್ಕದ್ದು.

ನೆಲಕ್ಕೆ ಬಿದಿರು ಒಗ್ಗದ ಊರಿನವರೂ ಅದನ್ನು ಮನೆಯಿಂದ ಹೊರಗಿಡಬೇಕಾಗಿಲ್ಲ. ಬಿದಿರಿನ ಚಾಪೆಗಳನ್ನು ಪದರವಾಗಿ ಅಂಟಿಸಿ ಮಾಡುವ ಹಲಗೆಯ ತಂತ್ರವನ್ನು ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಮುಚ್ಚಿಗೆಗೆ, ಕಪಾಟಿಗೆ, ಕೋಣೆಯ ಅಡ್ಡಗೋಡೆಗೆ ಅದು ಯೋಗ್ಯವಾದುದು. ಸಂತೆಯಲ್ಲಿ ಮೇದರು ಹೆಣೆದು ತರುವ ತಡಿಕೆ ಚಾಪೆಗಳು ಬೇಸಗೆಯ ಮಧ್ಯಾಹ್ನಕ್ಕೆ ಇಂದಿಗೂ ಸಾಟಿಯಿಲ್ಲದವು. ಪ್ಲಾಸ್ಟಿಕಿನ ಬುಟ್ಟಿ ಮೊರಗಳು ಅವರ ಕಸುಬನ್ನು ಎಷ್ಟು ಕುಗ್ಗಿಸಿವೆಯೆಂಬುದು ಕಣ್ಣಿದ್ದವರಿಗೆಲ್ಲ ಕಾಣುವ ಸಂಗತಿ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟು: ಸಮಹವೆಯ ಊರು, ಮಹಡಿಯ ಕೋಣೆ, ಆರಿದ ಕಾಂಕ್ರೀಟು, ಬಲಿತ ಬಿದಿರು, ಪರೀಕ್ಷಿಸಿದ ಅಂಟು, ತಿಳಿದ ಕೆಲಸಗಾರ ಇವಿಷ್ಟೂ ಕೂಡಿಬಂದರೆ ಬಿದಿರಿನ ನೆಲವನ್ನು ನಿಶ್ಚಿಂತೆಯಿಂದ ಹಾಸಿಸಬಹುದು. ಇವುಗಳಲ್ಲಿ ಒಂದು ತಪ್ಪಿದರೂ ತಡೆದು ಯೋಚಿಸುವುದು ಮೇಲು. ಆ ಕರಾವಳಿಯ ಗೃಹಸ್ಥರು ಉಬ್ಬಿದ ಹಲಗೆಗಳನ್ನು ತೆಗೆಯಿಸಿ ಕೆಳಗೆ ಕಾವಿಯ ನೆಲ ಮಾಡಿಸಿದರು. ಕೆಡದೆ ಉಳಿದ ಹಲಗೆಗಳು ಈಗ ಅವರ ಮಹಡಿಯ ಓದುವ ಕೋಣೆಯಲ್ಲಿವೆ. ಈ ಬಾರಿ ಹಾಸುವ ಮೊದಲು ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಯಜಮಾನಿತಿಯವರೇ ನಿಂತು ಮಾಡಿಸಿದರಂತೆ. ಎರಡು ಮಳೆಗಾಲ ಕಳೆದರೂ ಅವು ಅಲುಗಿಲ್ಲ.